ಎಮ್ಮಿಬಂಡಿಯ ಅಲೆ

ಅಪ್ಪ ಹರಗೋಲನ್ನು ಬೋರಲು ಹಾಕಿ ಅದರ ಪಕ್ಕ ಕೂತಿದ್ದ. ಚರ್ಮ ಹರಿದ ಕಡೆ ತೇಪೆ ಹೊಲಿದಾಗಿತ್ತು. ನಾನು ಕಾಯಿಸಿದ ಡಾಂಬರಿನಲ್ಲಿ ಚಿಂದಿ ಅದ್ದಿ ಕೊಡುತ್ತಿದ್ದೆ, ಅವನು ಹೊಲಿಗೆಯ ಮೇಲೆ ಒರೆಸುತ್ತಿದ್ದ. ಚಿಂದಿ ಒಣಗಿದಾಗ ಕೈ ಚಾಚುತ್ತಿದ್ದ. ನಾನು ಇನ್ನೊಂದು ಕೊಡುತ್ತಿದ್ದೆ.

ಅಣ್ಣ ದೇವಪ್ಪ ಈ ಹರಗೋಲಿನಿಂದ ಹೊಳೆಗಿಳಿದು ಸತ್ತು ಹದಿನೆಂಟು ದಿನವಾಗಿತ್ತು. ಅವತ್ತು ನೀರು ನೋಡಿ ಹೇಳಿದವಳು ನಾನು. ಅಪ್ಪ ಅದರ ಬಗ್ಗೆ ನನಗೆ ಇದುವರೆಗೆ ಒಂದು ಮಾತೂ ಅಂದಿರಲಿಲ್ಲ. ಅವ್ವನೂ ಅಂದಿರಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ನೀಡುತ್ತಿದ್ದಳು. ಯಾರಾದರೂ ಅಂದುಬಿಡಲಿ ಎಂದು ನಾನು ಕಾಯುತ್ತಿದ್ದೆ.

ನಮ್ಮದು ಅಂಬಿಗರ ಮನೆ. ಕೂಡಲಸಂಗಮಕ್ಕಿಂತ ಸ್ವಲ್ಪ ಮೇಲೆ, ಮಲಪ್ರಭೆಯ ದಂಡೆಗೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ನೀರು ನೋಡುವುದು ನನ್ನ ಪಾಲಿಗೆ ಬಂತು. ದಿನಾ ಬೆಳಿಗ್ಗೆ ದಂಡೆಗುಂಟ ಹೋಗಿ ಮೂರು ಕಡೆ ಜೋಳದ ದಂಟು ಎಸೆಯಬೇಕು, ಅದು ಹೋಗುವ ದಾರಿ ನೋಡಬೇಕು. ಮೊದಲು ಹುಲಿಮಡು. ಅಲ್ಲಿ ನೀರು ಸುತ್ತುತ್ತಿತ್ತು. ಆಮೇಲೆ ಅತ್ತಿಸೊಸಿ. ಎರಡು ಕಲ್ಲಿನಿಂದ ಎರಡು ಅಲೆ ಎದ್ದು ಒಂದಕ್ಕೊಂದು ಹಾಯುತ್ತಿದ್ದವು, ಎಂದೂ ಕೂಡುತ್ತಿರಲಿಲ್ಲ. ಕೊನೆಗೆ ಎಮ್ಮಿಬಂಡಿ, ಎಂದರೆ ಎಮ್ಮೆಬಂಡೆ. ಬಂಡೆ ಮುಳುಗಿದಾಗ ಅದರ ಹಿಂದೆ ಒಂದೇ ಅಲೆ, ಎಮ್ಮೆಯ ಬೆನ್ನಿನ ಹಾಗೆ, ಎದ್ದು ನಿಂತಲ್ಲೇ ನಿಂತಿರುತ್ತಿತ್ತು. ಅದು ಮೊಣಕಾಲೆತ್ತರ ಇದ್ದರೆ ಹರಗೋಲು ಬಿಡಬಹುದು, ಸೊಂಟಕ್ಕೆ ಬಂದರೆ ಬಿಡಬಾರದು. ಅಲೆ ಇದ್ದಲ್ಲಿ ಕಲ್ಲು, ಇಲ್ಲದಲ್ಲಿ ಹಾದಿ. ನಮ್ಮಜ್ಜನೂ ಹಾಗೇ ದಾಟಿಸಿದ್ದು.

ಅಣ್ಣ ಆ ಅಲೆಯ ಮೇಲೆ ಆಡುತ್ತಿದ್ದ. ಹಳೇ ಬಾಗಿಲಿನ ಹಲಗೆಯೊಂದನ್ನು ಎದೆಗೆ ಕೊಟ್ಟುಕೊಂಡು ಮೇಲಿನಿಂದ ತೇಲಿ ಬಂದು ಅಲೆಯ ಇಳಿಜಾರಿನಲ್ಲಿ ನಿಲ್ಲುತ್ತಿದ್ದ. ಹೊಳೆಯೆಲ್ಲ ಕೆಳಗೆ ಓಡುತ್ತಿದ್ದರೆ ಅವನು ಅಲ್ಲೇ ಇರುತ್ತಿದ್ದ.

“ಎಮ್ಮಿ ಹತ್ತೇನಿ ನೋಡ್ರಲೇ!” ಎಂದು ಕೂಗುತ್ತಿದ್ದ.

“ಹಂಗಾರ ಹಾಲು ಹಿಂಡಿಕೊಂಡ ಬಾ,” ಅನ್ನುತ್ತಿದ್ದಳು ಇಳಕಲ್ಲಿನಿಂದ ಬರುವ ಬಳೆಗಾರತಿ ಮಾಸುಮಬಿ.

ಈ ವರ್ಷ ಕೆಳಗೆ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದರು. ಹಿನ್ನೀರು ನಮ್ಮ ಹೊಳೆಗೂ ಏರಿತು. ದಂಡೆಯ ಮೇಲಿನ ಪಾಂಡಪ್ಪನ ಹೊಲ, ಅದರ ಬೇಲಿಯ ಜಾಲಿಗಿಡ, ಎಲ್ಲ ಮುಳುಗಿದವು. ಅಣ್ಣ ಸತ್ತ ದಿನ ಬೆಳಿಗ್ಗೆ ನಾನು ಮೂರೂ ಕಡೆ ದಂಟು ಎಸೆದೆ. ಬಿದ್ದಲ್ಲೇ ಉಳಿದವು. ಹುಲಿಮಡು ಸುತ್ತಲಿಲ್ಲ. ಎಮ್ಮಿಬಂಡಿಯ ಮೇಲೆ ನೀರು ಅಗಲ ಪರಾತದಲ್ಲಿಟ್ಟ ಹಾಗೆ ಅಲುಗದೆ ಇತ್ತು.

“ಲಗಮಿ, ನೀರ ಹೆಂಗೈತಿ?” ಅಪ್ಪ ಕೇಳಿದ.

“ಅಲಿ ಒಂದೂ ಇಲ್ಲ.”

“ಹೊಳ್ಯಾಗ ಅಲಿ ಇಲ್ಲ, ಈಕಿ ಬಾಯಾಗ ಮಾತಿಲ್ಲ,” ಅಂದ ಅಣ್ಣ. “ಅತ್ತಿ ಮನ್ಯಾಗ ಮೂಕಿನ್ನ ಕೊಟ್ಟಾರಂತ ಜಗಳಕ್ಕ ಬರ್ತಾರ ನೋಡ್.”

“ನಿನ್ನ ಬಾಯಿ ಅರ್ಧಾ ಆಕಿಗೆ ಕೊಡೋ. ನಿನಗ ಇನ್ನೂ ಉಳಿತೈತಿ,” ಎನ್ನುತ್ತ ಮಾಸುಮಬಿ ಬಳೆಬುಟ್ಟಿ ಹಿಡಿದು ಹರಗೋಲು ಹತ್ತಿದಳು.

ನಾನು ನಕ್ಕೆ ಅನಿಸುತ್ತದೆ. ಅಣ್ಣನೂ ಹತ್ತಿದ, ನಾನು ದಂಡೆಯ ಮೇಲೇ ನಿಂತೆ.

ಅಲೆ ಇಲ್ಲವೆಂದು ಅಪ್ಪ ಸುತ್ತು ಹಾಕದೆ ನೇರಕ್ಕೆ ಬಿಟ್ಟ, ಪಾಂಡಪ್ಪನ ಹೊಲದ ಮೇಲೆಯೇ. ಬೇಲಿ ಅಲ್ಲಿದೆಯೆಂದು ನಮಗೆಲ್ಲ ಗೊತ್ತಿತ್ತು. ಆ ಹೊಲದಲ್ಲಿ ನಾನು ಕಸ ತೆಗೆದಿದ್ದೆ, ಮುಳ್ಳೂ ಚುಚ್ಚಿಸಿಕೊಂಡಿದ್ದೆ. ಆದರೆ ನಮ್ಮ ಕಣ್ಣು ಅಲೆಯನ್ನಷ್ಟೇ ಹುಡುಕುತ್ತಿತ್ತು.

ಜಾಲಿಯ ಕೊಂಬೆ ಚರ್ಮ ಸೀಳಿತು. ಹರಗೋಲು ಅದಕ್ಕೆ ಸಿಕ್ಕಿಕೊಂಡು ತುಂಬತೊಡಗಿತು. ಅಣ್ಣ ಬಿಡಿಸಲು ನೀರಿಗಿಳಿದ. ಹರಗೋಲು ಬಿಟ್ಟುಕೊಂಡಿತು. ಮಾಸುಮಬಿ ಸೆರಗನ್ನು ತೂತಿಗೆ ತುರುಕಿ ಹಿಡಿದಿದ್ದಳು, ಅಪ್ಪ ಅವಳನ್ನು ದಂಡೆಗೆ ತಂದ. ಅಣ್ಣ ಮೇಲೆ ಬರಲಿಲ್ಲ. ಅಪ್ಪ ತಿರುಗಿ ಈಜಿಕೊಂಡು ಹೋಗಿ ನಾಲ್ಕು ಸಲ ಮುಳುಗಿ ಎದ್ದ. ಮರುದಿನ ಅಣ್ಣನನ್ನು ಬೇಲಿಯ ಮುಳ್ಳಿನಿಂದ ಬಿಡಿಸಿ ತಂದರು. ಅವನ ಅಂಗಿಯ ಗುಂಡಿಗಳೆಲ್ಲ ಹಾಗೇ ಇದ್ದವು. ನನಗೆ ಅಳು ಬರಲಿಲ್ಲ.

ತೇಪೆ ಹಾಕಿದ ಮರುದಿನ ಬೆಳಿಗ್ಗೆ, ಡಾಂಬರು ಗಟ್ಟಿಯಾದ ಮೇಲೆ, ಅಪ್ಪ ಹರಗೋಲನ್ನು ನೀರಿಗೆ ತಂದ. ಕುರಿ ಕಾಯುವ ಕಾಳಪ್ಪ ಆಚೆ ದಂಡೆಗೆ ಹೋಗಲು ಕಾಯುತ್ತಿದ್ದ. ನಾನು ಅಪ್ಪನ ಹಿಂದೆ ನಿಂತೆ.

“ಕಾಳಪ್ಪ, ನೀರ ಹೆಂಗೈತಿ?” ಅಪ್ಪ ಕೇಳಿದ.

“ನನ್ನೇನ ಕೇಳ್ತಿ ಗಾಳೆಪ್ಪ? ನಾ ಕುರಿ ಎಣಸಾಂವ. ನಿನ್ನ ಮಗಳು ಇಲ್ಲೇ ನಿಂತಾಳಲ್ಲ, ಆಕಿನ್ನ ಕೇಳು.”

ಅಪ್ಪ ತಿರುಗಿ ನೋಡಲಿಲ್ಲ. ಉದ್ದನೆಯ ಗಳ ತೆಗೆದುಕೊಂಡು ನೀರೊಳಗೆ ಚುಚ್ಚಿ ನೋಡಿದ. ಒಂದು ಮಾರು ಸರಿದು ಮತ್ತೆ ಚುಚ್ಚಿದ. ಕಾಳಪ್ಪ ನನ್ನನ್ನು ನೋಡಿದ, ಆಮೇಲೆ ಕಂಬಳಿ ಸರಿಮಾಡಿಕೊಂಡು ಹರಗೋಲು ಹತ್ತಿ ಕೂತ.

ನಾನು ಪಾದ ಮುಳುಗುವಷ್ಟು ನೀರಿಗೆ ಇಳಿದೆ.

“ಯಪ್ಪಾ, ಒಮ್ಮ್ಯರ ನನಗ ಬೈ.”

ಅಪ್ಪ ಗಳ ಊರಿ ಹರಗೋಲು ಬಿಟ್ಟ.