ಸಮುದ್ರದ ಊರು, ಬೆಟ್ಟದ ಊರು

ಹುತ್ತೂರಿನ ರಜನಿಗೆ ಅರಬ್ಬಿ ಮಾತು ಬರುತ್ತದೆಂದು ಊರಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಓಮಾನಿನ ಸೊಹಾರ್ ಪಟ್ಟಣದ ಹೋಟೆಲೊಂದರಲ್ಲಿ ಏಳು ವರ್ಷ ಕೋಣೆ ಗುಡಿಸಿ, ಹಾಸಿಗೆ ಹಾಸಿ ಬಂದವಳು ಅವಳು. ವಾಪಸ್ಸಾದ ಮೇಲೆ ಅತ್ತೆ ಶಾಮಲಮ್ಮನ ಜೊತೆ ರೇಷ್ಮೆ ಹುಳು ಸಾಕುತ್ತಿದ್ದಳು.

ಬೆಂಗಳೂರಿನವರು ಹತ್ತಿರದ ಆವನಿ ಬೆಟ್ಟ ಹತ್ತಿ, ಫೋಟೊ ತೆಗೆದು, ಊಟದ ಹೊತ್ತಿಗೆ ಮುಂಚೆಯೇ ಹೊರಟುಬಿಡುವುದನ್ನು ನೋಡಿ ಅವಳಿಗೊಂದು ಯೋಚನೆ ಬಂತು. ಆವನಿಯಲ್ಲಿ ಜನರಿಗೆ ಬೆಟ್ಟ ತೋರಿಸುವ ಮುನಿಕೃಷ್ಣನ ಜೊತೆ ಮಾತಾಡಿದಳು. ಶನಿವಾರ ಹುತ್ತೂರಿನಲ್ಲಿ ಹುಳುಮನೆ, ಮುದ್ದೆ ಊಟ, ರಾತ್ರಿ ತಂಗುವುದು. ಭಾನುವಾರ ಆವನಿ ಬೆಟ್ಟ. ಎರಡು ಊರಿಗೂ ಒಂದೇ ಫೋನ್ ನಂಬರು. ಮೂರು ವರ್ಷದಲ್ಲಿ ಇಪ್ಪತ್ತು ಮನೆಗಳು ಸೇರಿಕೊಂಡವು. ಅದರ ಸುದ್ದಿ ಎಲ್ಲೆಲ್ಲೋ ಹೋಗಿ, ಕಳೆದ ಆಷಾಢದಲ್ಲಿ ಅರಬ್ ದೇಶಗಳ ಹಳ್ಳಿಯವರ ತಂಡವೊಂದು ನೋಡಲು ಬಂತು.

ದುಭಾಷಿ ಟೀ ಕುಡಿಯಲು ಹೋಗಿದ್ದ. ಹುಳುಮನೆಯೊಳಗೆ ತಂಡದ ಇಬ್ಬರು ಜೋರಾಗಿ ವಾದಕ್ಕಿಳಿದರು. ಒಬ್ಬಳು ಓಮಾನಿನ ಬೆಟ್ಟದೂರಿನ ಮರಿಯಂ. ಇನ್ನೊಬ್ಬ ಗಡಿಯಾಚೆ ಎಮಿರೇಟ್ಸ್‌ನ ಕಡಲತೀರದ ಸಾಲಿಂ, ದೋಣಿಯಲ್ಲಿ ಪ್ರವಾಸಿಗರನ್ನು ಸುತ್ತಿಸುವವನು.

"ನಾವು ಒಂಟೆ ಸವಾರಿ ಇಟ್ಟ ಮರುವರ್ಷವೇ ನಿಮ್ಮ ಬೆಟ್ಟಕ್ಕೂ ಒಂಟೆ ಬಂತು" ಎಂದ ಸಾಲಿಂ.

"ನಮ್ಮ ಖರ್ಜೂರದ ತೋಟದ ಊಟ ನೋಡಿ ನೀವು ಮರಳಲ್ಲಿ ನಾಲ್ಕು ಮರ ನೆಟ್ಟಿರಲ್ಲ" ಎಂದಳು ಮರಿಯಂ.

"ಏನಮ್ಮಾ ರಜನಿ, ಇವ್ರು ಯಾಕೆ ಜಗಳ ಆಡ್ತಾವ್ರೆ?" ಎಂದು ಶಾಮಲಮ್ಮ ಪಿಸುಗುಟ್ಟಿದರು.

ರಜನಿಗೆ ತಡೆಯಲಾಗಲಿಲ್ಲ. "ಎರಡು ಕಡೆಯೂ ಅದೇ ಒಂಟೆ, ಅದೇ ಊಟ ಇದ್ದರೆ, ಬಂದವರು ಎರಡನೇ ಊರಿಗೆ ಯಾಕೆ ಬರಬೇಕು?" ಎಂದು ಅರಬ್ಬಿಯಲ್ಲೇ ಕೇಳಿದಳು.

ಇಬ್ಬರೂ ತಿರುಗಿ ಅವಳನ್ನೇ ನೋಡಿದರು. ಅಡುಗೆಮನೆಯಲ್ಲಿ, ಲಿಫ್ಟಿನಲ್ಲಿ ಕಲಿತ ಒರಟು ಅರಬ್ಬಿ ಅದು. ಆದರೂ ಅರ್ಥವಾಗಿತ್ತು.

"ಇಲ್ಲೂ ಹಾಗೇ ಆಗಿತ್ತು. ಆವನಿಯವರು ಫೋಟೊಗೆ ಅಂತ ಒಂದು ತಟ್ಟೆ ಹುಳು ಇಡ್ತೀವಿ ಅಂದ್ರು. ನಾವೂ ಒಂದು ಗುಡ್ಡ ತೋರಿಸ್ತೀವಿ ಅಂದ್ವಿ. ಒಂದು ತಿಂಗಳು ಮಾತು ಬಿಟ್ಟಿದ್ವಿ. ಆಮೇಲೆ ಹುಳು ನಮಗೆ, ಬೆಟ್ಟ ಅವರಿಗೆ ಅಂತ ಒಪ್ಪಿಕೊಂಡ್ವಿ."

"ನಮ್ಮ ನಡುವೆ ದೇಶದ ಗಡಿಯೇ ಇದೆಯಲ್ಲ" ಎಂದ ಸಾಲಿಂ.

ಅದಕ್ಕೆ ಉತ್ತರ ರಜನಿಗೆ ಗೊತ್ತಿತ್ತು. ಗಡಿ ದಾಟಿ ಬಂದ ಅತಿಥಿಗಳು ಏನೇನಕ್ಕೆ ಗೊಣಗುತ್ತಿದ್ದರೆಂದು ಏಳು ವರ್ಷ ಕೇಳಿದ್ದಳು. "ಕಾಗದಪತ್ರ ಬಸ್ಸಿನವರು ಮುಂಚೆಯೇ ಮಾಡಿಸಿಕೊಡ್ತಾರೆ. ಜನಕ್ಕೆ ಬೇಜಾರಾಗೋದು ಎರಡು ಕಡೆ ಫೋನ್ ಮಾಡಿ, ಎರಡು ಗಾಡಿ ಹಿಡಿಯೋದಕ್ಕೆ. ಒಂದು ಆ್ಯಪ್, ಒಂದು ಬಸ್ಸು ಮಾಡಿ."

ಹುಳುವಿನ ತಟ್ಟೆಗೆ ಹಾಸುವ ಹಳೇ ಪೇಪರಿನ ಮೇಲೆ ಮರಿಯಂ ಪೆನ್ನಿನಿಂದ ದಾರಿ ಬರೆದಳು. ಮೊದಲ ದಿನ ದೋಣಿ, ಮೀನೂಟ. ಎರಡನೇ ದಿನ ಬೆಟ್ಟ, ತೋಟ. ಒಂಟೆ ಯಾರಿಗೆ ಎಂಬಲ್ಲಿ ಮತ್ತೆ ಸ್ವಲ್ಪ ಹೊತ್ತು ಎಳೆದಾಟವಾಯಿತು. ಕೊನೆಗೆ ಅದನ್ನು ಸಾಲಿಂಗೇ ಬಿಟ್ಟುಕೊಟ್ಟಳು.

ಜನವರಿಯಲ್ಲಿ ಮೊದಲ ಬಸ್ಸು ಹೊರಡುವ ಹೊತ್ತಿಗೆ ಅವರಿಬ್ಬರಿಂದ ರಜನಿಗೆ ವಿಮಾನದ ಟಿಕೆಟ್ ಬಂತು. ಸಾಲಿಂನ ಊರಿನಲ್ಲಿ ಗಡಿಯ ಎರಡೂ ಕಡೆಯ ಹನ್ನೊಂದು ಹಳ್ಳಿಗಳ ಜನ ಕೂತಿದ್ದ ಸಭೆಯಲ್ಲಿ ಅವಳು ಮೈಕ್ ಹಿಡಿದಳು. ಎರಡು ಸಲ ಪದ ತಪ್ಪಾಗಿ ಹೇಳಿದಳು, ನಕ್ಕು ಸರಿಮಾಡಿಕೊಂಡಳು. ಮುಗಿಸಿದಾಗ ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಹಿಂದೆಯೇ ಸಭೆಯೆಲ್ಲ ಎದ್ದಿತು. ಅಂದೇ ಇನ್ನೂ ನಾಲ್ಕು ಹಳ್ಳಿಗಳು ಬಸ್ಸಿನ ದಾರಿಗೆ ಸೇರಲು ಹೆಸರು ಬರೆಸಿದವು.

ಮರುದಿನ ಮೂವತ್ತೆರಡು ಪ್ರವಾಸಿಗರ ಬಸ್ಸು ಗಡಿ ದಾಟಿ ಬೆಟ್ಟ ಹತ್ತಿತು. ಮುಂದಿನ ಸೀಟಿನಲ್ಲಿ ರಜನಿ, ಅವಳ ಹಿಂದೆ ಸಾಲಿಂ. ತಿರುವು ತಿರುವಿಗೂ ಅವನು ಕಿಟಕಿಗೆ ಹಣೆಯೊತ್ತಿ ಕೆಳಗೆ ನೋಡುತ್ತಿದ್ದ. ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಮರಿಯಂಳ ಊರಿಗೆ ಅವನು ಬಂದದ್ದು ಅದೇ ಮೊದಲು.