ಡಬ್ಬದ ತಳದ ಗುಂಡುಗಳು

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಗುಳ್ಳೆ ಅಕ್ಕ ಎಂದೇ ಕರೆಯುತ್ತಿದ್ದರು. ನೀರಿನ ಪೈಪಿಗೆ ಹಾಕುವ ವಾಲ್ವ್‌ಗಳನ್ನು ಅಲ್ಲಿ ಮಾಡುತ್ತಿದ್ದರು. ಜೋಡಿಸಿದ ಒಂದೊಂದು ವಾಲ್ವನ್ನೂ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಗಾಳಿ ತುಂಬಿ, ಗುಳ್ಳೆ ಎದ್ದದ್ದನ್ನು ಬೇರೆ ಬುಟ್ಟಿಗೆ ಹಾಕುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅದೇ. ಸದಾ ನೀರಲ್ಲಿದ್ದು ಬೆರಳ ತುದಿಗಳು ಸುಕ್ಕುಗಟ್ಟಿದ್ದವು. ಕಣ್ಣು ಮಾತ್ರ ಸೂಜಿಯಷ್ಟು ಚುರುಕು.

ಆ ಬುಟ್ಟಿ ದಿನಕ್ಕೆ ಎರಡು ಸಲ ತುಂಬುತ್ತಿತ್ತು. ತುಂಬಿದ್ದನ್ನು ಬಿಚ್ಚಿ, ಮತ್ತೆ ಜೋಡಿಸಿ, ಮತ್ತೆ ಮುಳುಗಿಸುತ್ತಿದ್ದರು. ಅದು ಹಾಗೆಯೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಹೊಸದಾಗಿ ಬಂದ ಮ್ಯಾನೇಜರಮ್ಮ ಮೊದಲ ವಾರವೇ ಪ್ರತಿ ಮೇಜಿಗೂ ಒಂದು ಸ್ವಿಚ್ ಹಾಕಿಸಿದರು. “ಏನಾದ್ರೂ ಸರಿಯಿಲ್ಲ ಅನ್ನಿಸಿದ್ರೆ ಒತ್ತಿ, ಲೈನ್ ನಿಲ್ಲುತ್ತೆ. ನೀವೇ ನೋಡಿ, ನೀವೇ ಸರಿ ಮಾಡಿ. ಯಾರೂ ಬೈಯಲ್ಲ,” ಎಂದರು. ಎಲ್ಲರೂ ತಲೆಯಾಡಿಸಿದರು. ಮೂರು ವಾರ ಕಳೆದರೂ ಸ್ವಿಚ್ಚುಗಳ ಮೇಲೆ ಧೂಳು ಕೂತಿತೇ ಹೊರತು ಯಾರ ಬೆರಳೂ ಕೂರಲಿಲ್ಲ.

ಗುಳ್ಳೆ ಅಕ್ಕ ಮಾತ್ರ ಆ ಮೂರು ವಾರವೂ ತೊಟ್ಟಿಯ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಿದ್ದಳು, ಗುಳ್ಳೆ ಎದ್ದಾಗಲೆಲ್ಲ ಒಂದು. ಗೀಟುಗಳು ಸಮನಾಗಿ ಬೀಳುತ್ತಿರಲಿಲ್ಲ. ಒಂದು ಗಂಟೆ ಏನೂ ಇಲ್ಲ, ಆಮೇಲೆ ಒಟ್ಟೊಟ್ಟಿಗೆ ಎಂಟು, ಹತ್ತು. ಯಾಕೆಂದು ಹೊಳೆಯಲಿಲ್ಲ. ಎದುರು ಮೇಜಿನಲ್ಲಿ ಡಬ್ಬದಿಂದ ಹಿತ್ತಾಳೆ ಗುಂಡು ತೆಗೆದು ಒಳಗಿಟ್ಟು ವಾಲ್ವ್ ಜೋಡಿಸುವವಳಿಗೆ ಬಾಯಿ ಮುಚ್ಚಿ ಗೊತ್ತಿಲ್ಲ. ಅವಳ ಹೆಸರೇ ರೇಡಿಯೋ. ಒಂದು ಬೆಳಗ್ಗೆ ಅವಳು, “ಅಯ್ಯೋ ಅಕ್ಕಾ, ಗುಂಡಿನ ಡಬ್ಬ ಆಗ್ಲೇ ತಳ ಕಾಣ್ತಾ ಬಂತು!” ಎಂದಳು. ಆಗ ಗುಳ್ಳೆ ಅಕ್ಕನ ಕೈಯಲ್ಲಿ ಸಾಲಾಗಿ ಆರನೆಯ ಗುಳ್ಳೆ ಏಳುತ್ತಿತ್ತು.

ವಾಲ್ವ್ ಬಿಚ್ಚಿದಳು. ಒಳಗಿನ ಹಿತ್ತಾಳೆ ಗುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಕೂದಲೆಳೆಯಷ್ಟು ಸಣ್ಣ ಏಟಿನ ಗುರುತು. ಉಳಿದ ಐದರಲ್ಲೂ ಅದೇ. ಗಾಳಿ ನುಸುಳಲು ಅಷ್ಟು ಸಾಕು.

ಗುಂಡುಗಳು ಬರುತ್ತಿದ್ದುದು ಹಿತ್ತಾಳೆ ಕಡೆಯುವ ಲೇತ್ ವಿಭಾಗದಿಂದ. ಅಲ್ಲಿನ ಹಿರಿಯ ಕೆಲಸಗಾರ ಅವಳ ಭಾವ, ಅಕ್ಕನ ಗಂಡ. ಅವಳನ್ನು ಈ ಕೆಲಸಕ್ಕೆ ಸೇರಿಸಿದ್ದೂ ಅವನೇ. ಸಂಜೆ ಅಕ್ಕನ ಮನೆಗೆ ಹೋಗಿ ವಿಷಯ ತೆಗೆದಳು.

“ಭಾವ, ಡಬ್ಬದ ತಳದಲ್ಲಿರೋ ಗುಂಡುಗಳಿಗೆ ಏಟು ಬಿದ್ದಿರುತ್ತೆ.”

ಅವನು ಕೈಯಲ್ಲಿದ್ದ ಲೋಟವನ್ನು ಟಪ್ಪೆಂದು ಇಟ್ಟ. “ನನ್ನ ಕೆಲಸಕ್ಕೇ ಬೆರಳು ತೋರಿಸೋಕೆ ಬಂದ್ಯಾ? ಇಪ್ಪತ್ತು ವರ್ಷದಿಂದ ಒಂದು ಗುಂಡೂ ಅಳತೆ ತಪ್ಪಿಲ್ಲ ನನ್ನ ಕೈಲಿ.”

“ಅಳತೆ ಸರಿಯಾಗೇ ಇದೆ ಭಾವ. ಆಮೇಲೆ ಏನೋ ಆಗ್ತಿದೆ.”

“ನೀನು ನಿನ್ನ ಗುಳ್ಳೆ ನೋಡ್ಕೋ ಹೋಗಮ್ಮ.”

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಸುಮ್ಮನಿರು ಎಂದಳು. ಗುಳ್ಳೆ ಅಕ್ಕ ಎದ್ದು ಬಂದಳು. ಅನ್ನ ಹಾಕಿದವನಿಗೆ ಎದುರು ನಿಂತಂತಾಯಿತಲ್ಲ ಎಂಬ ಅಳುಕು ಒಂದು ಕಡೆ. ಇನ್ನೊಂದು ಕಡೆ, ಕಣ್ಣಾರೆ ಕಂಡದ್ದನ್ನು ಕಂಡಿಲ್ಲ ಎನ್ನುವುದು ಹೇಗೆ?

ಮರುದಿನ ಮಧ್ಯಾಹ್ನ ಡಬ್ಬ ಮತ್ತೆ ತಳ ಕಂಡಿತು. ಗುಳ್ಳೆಗಳ ಸಾಲು ಶುರುವಾಯಿತು. ನಾಲ್ಕನೆಯದಕ್ಕೆ ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಸ್ವಿಚ್ ಒತ್ತಿದಳು.

ಇಡೀ ಲೈನ್ ಗಪ್ಪೆಂದಿತು. ಸೂಪರ್‌ವೈಸರ್ ಓಡಿಬಂದ. “ಯಾರದು? ಲಾರಿ ಬಾಗಿಲಲ್ಲಿ ನಿಂತಿದೆ, ಗೊತ್ತಿಲ್ವಾ?”

“ನಾನೇ ನಿಲ್ಲಿಸಿದ್ದು.”

“ಶುರು ಮಾಡಿ. ಇದೆಲ್ಲ ನಾಳೆ ನೋಡೋಣ.”

“ಹನ್ನೊಂದು ವರ್ಷದಿಂದ ನಾಳೆ ನೋಡೋಣ ಅಂತಾನೇ ಇದ್ದೀವಿ ಸಾರ್. ಇವತ್ತೇ ನೋಡೋಣ.” ಅವಳು ಸ್ವಿಚ್ಚಿನ ಮುಂದಿನಿಂದ ಕದಲಲಿಲ್ಲ. ರೇಡಿಯೋ ಒಂದು ಮಾತೂ ಆಡದೆ ಎದ್ದುಬಂದು ಪಕ್ಕದಲ್ಲಿ ನಿಂತಳು.

ಮ್ಯಾನೇಜರಮ್ಮ ಬಂದವರು, “ಏನು ಕಾಣಿಸ್ತು?” ಎಂದಷ್ಟೇ ಕೇಳಿದರು. ಗುಳ್ಳೆ ಅಕ್ಕ ಗೋಡೆಯ ಗೀಟುಗಳನ್ನು ತೋರಿಸಿ, ಗುಂಡುಗಳನ್ನು ಅವರ ಅಂಗೈಗೆ ಹಾಕಿದಳು. ಎಲ್ಲರೂ ಲೇತ್ ಕಡೆ ನಡೆದರು.

ಭಾವ ಗಂಟುಮೋರೆ ಹಾಕಿಕೊಂಡು ನಿಂತಿದ್ದ. ಲೈನ್ ನಿಂತರೂ ಲೇತ್ ಓಡುತ್ತಲೇ ಇತ್ತು. ಆ ಹೊತ್ತಿಗೆ ಯಂತ್ರದಿಂದ ಹೊಸ ಗುಂಡೊಂದು ಖಾಲಿ ತಗಡಿನ ಡಬ್ಬಕ್ಕೆ ಠಣ್ಣೆಂದು ಬಿತ್ತು, ಸೊಂಟದೆತ್ತರದಿಂದ. ಅದರ ಮೇಲೆ ಇನ್ನೊಂದು. ಗುಳ್ಳೆ ಅಕ್ಕ ಭಾವನ ಮುಖ ನೋಡಿದಳು. ಅವನು ಆ ಸದ್ದಿಗೆ ಕಣ್ಣು ಕಿರಿದು ಮಾಡಿದ್ದ, ತನಗೇ ಏಟು ಬಿದ್ದಂತೆ.

“ನಿಮಗೆ ಗೊತ್ತಿತ್ತು ಅಲ್ವಾ ಭಾವ?”

ಅವನು ಬಗ್ಗಿ ಡಬ್ಬದಿಂದ ಒಂದು ಗುಂಡು ಎತ್ತಿಕೊಂಡ. “ಸೇರಿದ ಹೊಸದರಲ್ಲೇ ಹೇಳಿದ್ದೆ, ಡಬ್ಬ ಎತ್ತರಿಸಿ ಅಂತ. ನಿನ್ನ ಕೆಲಸ ನೋಡ್ಕೋ ಅಂದ್ರು. ಆಮೇಲೆ ಬಾಯಿಗೆ ಬೀಗ ಹಾಕ್ಕೊಂಡೆ.” ಹೇಳಿ ಮುಗಿಸಿದವನೇ, ನಿನ್ನೆ ತಾನೂ ಅದೇ ಮಾತು ಆಡಿದ್ದು ನೆನಪಾಗಿ ತಲೆ ತಗ್ಗಿಸಿದ.

“ಈಗ ಹೇಳಿ, ಏನು ಮಾಡೋಣ?” ಎಂದರು ಮ್ಯಾನೇಜರಮ್ಮ.

ಅಂದು ಲಾರಿ ಅರ್ಧ ಖಾಲಿಯಾಗಿಯೇ ಹೋಯಿತು. ಸೂಪರ್‌ವೈಸರ್ ಮೇಲಿನವರಿಗೆ ದೂರು ಬರೆದ. ಮ್ಯಾನೇಜರಮ್ಮ ಅದರ ಕೆಳಗೆ ‘ಹೊಣೆ ನನ್ನದು’ ಎಂದು ಸಹಿ ಹಾಕಿ ಕಳಿಸಿದರು.

ಮೊದಲು ಡಬ್ಬದೊಳಗೆ ರಬ್ಬರ್ ಹಾಸಿ ನೋಡಿದರು. ಗುಂಡಿಗೆ ಅಂಟಿದ ಯಂತ್ರದ ಎಣ್ಣೆಗೆ ರಬ್ಬರ್ ಉಬ್ಬಿ ಎದ್ದುಬಂತು. ಇಳಿಜಾರು ಹಲಗೆ ಇಟ್ಟರು. ಗುಂಡುಗಳು ನೆಲವೆಲ್ಲ ಉರುಳಾಡಿ ರೇಡಿಯೋ ಜಾರಿ ಬಿದ್ದಳು, ಬಿದ್ದಲ್ಲೇ ನಕ್ಕಳು. ಸೂಪರ್‌ವೈಸರ್ “ನಾನು ಹೇಳ್ಲಿಲ್ವಾ?” ಎಂದ. ಗುಳ್ಳೆ ಅಕ್ಕ ಪಟ್ಟು ಬಿಡಲಿಲ್ಲ. ಊಟದ ಬಿಡುವಿನಲ್ಲೂ ಲೇತ್ ಬಳಿಯೇ ಕೂತಳು. ನಾಲ್ಕನೆಯ ದಿನ ಭಾವ ಹಳೆಯ ಸ್ಪ್ರಿಂಗುಗಳನ್ನು ಹುಡುಕಿ ತಂದು, ಡಬ್ಬದೊಳಗೆ ಅವುಗಳ ಮೇಲೊಂದು ಮರದ ಹಲಗೆ ಕೂರಿಸಿದ. ಖಾಲಿ ಇದ್ದಾಗ ಹಲಗೆ ಮೇಲೆಯೇ ಇರುತ್ತದೆ, ಗುಂಡು ತುಂಬಿದಂತೆ ಭಾರಕ್ಕೆ ಕೆಳಗಿಳಿಯುತ್ತದೆ. ಡಬ್ಬವನ್ನೇ ಯಂತ್ರದ ಬಾಯಿಗೆ ಎತ್ತರಿಸಿ ಇಟ್ಟ. ಗುಂಡು ಎರಡು ಬೆರಳಿನಷ್ಟು ದೂರ ಮಾತ್ರ ಬಿತ್ತು, ಸದ್ದೇ ಇಲ್ಲ.

ಆ ವಾರದ ಕೊನೆಗೆ ಕೆಟ್ಟ ವಾಲ್ವ್‌ಗಳು ದಿನಕ್ಕೆ ಐದೋ ಆರೋ ಅಷ್ಟೆ. ಭಾವ ದಿನಕ್ಕೆರಡು ಸಲ ತೊಟ್ಟಿಯ ಬಳಿ ಬಂದು, “ಇವತ್ತೆಷ್ಟು?” ಎಂದು ಕೇಳಿ ಹೋಗುತ್ತಿದ್ದ. ಆ ಆರೂ ಯಾಕೆ ಬರುತ್ತವೆ ಎಂಬುದೇ ಈಗ ಅವನ ತಲೆಯಲ್ಲಿ ಕೊರೆಯುತ್ತಿತ್ತು.

ಒಂದು ದಿನ ಪ್ಯಾಕಿಂಗ್ ವಿಭಾಗದ ಮೂವರು ಹೆಂಗಸರು ಬಂದರು. “ಅಕ್ಕಾ, ನಮ್ಮ ಪೆಟ್ಟಿಗೆಗಳು ಹರಿದು ಹೋಗ್ತಾವೆ. ನೀವು ಬಂದು ಏನು ಮಾಡ್ಬೇಕು ಹೇಳಿ.”

“ನಾನೇನು ಪ್ಯಾಕಿಂಗ್ ಮಾಡಿದ್ದೀನಾ? ನಿಮಗೇ ಗೊತ್ತಿರುತ್ತೆ. ಎಲ್ಲಿ ಹರಿಯುತ್ತೆ, ಮೂಲೆಲೋ, ತಳದಲ್ಲೋ?”

ಮೂವರೂ ಒಟ್ಟಿಗೆ ಬಾಯಿ ಬಿಟ್ಟರು, ಒಬ್ಬೊಬ್ಬರದೂ ಒಂದೊಂದು ಮಾತು. ಗುಳ್ಳೆ ಅಕ್ಕ ಸ್ಟೂಲನ್ನು ಅವರ ಕಡೆ ತಿರುಗಿಸಿಕೊಂಡು ಕೇಳುತ್ತಾ ಕೂತಳು.