ಕೆಮ್ಮಿದ ಗೋಡೆ

ಇಪ್ಪತ್ತಾರು ವರ್ಷ ಒಂದೇ ನೆಲಮಾಳಿಗೆಯಲ್ಲಿ ಕೂತು ಹೊಲಿಗೆ ಯಂತ್ರ ತುಳಿದ ಆ ದರ್ಜಿ ಹೆಂಗಸಿಗೆ ಹಗಲಿನ ಬೆಳಕೆಂದರೆ ಬೇರೆಯವರ ಮನೆಯ ಆಸ್ತಿ ಎಂಬಂತಾಗಿತ್ತು. ಕಡುನೀಲಿ ಯಾವುದು, ಕಪ್ಪು ಯಾವುದು ಎಂದು ತಿಳಿಯಬೇಕಾದರೆ ಬಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬೀದಿಗೆ ಬರಬೇಕು. ಒಮ್ಮೆ ಮೈಗಳ್ಳತನ ಮಾಡಿದ್ದಕ್ಕೆ ಮದುಮಗನೊಬ್ಬನ ಕಪ್ಪು ಕೋಟಿಗೆ ನೀಲಿ ತೋಳು ಕೂತಿತ್ತು. ಹಾಗಾಗಿ ನಾಲ್ಕು ಮಹಡಿಯ ಕಟ್ಟಡವೊಂದರ ತುತ್ತತುದಿಯಲ್ಲಿ, ಇಳಿಜಾರು ಸೂರಿನಡಿ ಒಂದು ಅಟ್ಟದ ಮನೆ ಅಗ್ಗಕ್ಕೆ ಮಾರಾಟಕ್ಕಿದೆ ಎಂದು ಕೇಳಿದ್ದೇ ತಡ, ತಮ್ಮನನ್ನು ಎಳೆದುಕೊಂಡು ಹೊರಟಳು. ತಮ್ಮ ಪ್ಲಂಬರು. ಯಾರ ಮನೆಗೆ ಹೋದರೂ ಕೂರುವ ಮೊದಲು ನಲ್ಲಿ ತಿರುಗಿಸಿ ನೋಡುವವನು.

ಕೆಳಗೆ ನಿಂತು ಬ್ರೋಕರ್‌ಗೆ ಕಾಯುವಾಗ ಅವಳು ಕತ್ತೆತ್ತಿ ಕಿಟಕಿ ಎಣಿಸಿದಳು. ತುದಿಯಲ್ಲಿ ಮೂರು. ಮೇಲೆ ಹೋಗಿ ನೋಡಿದರೆ ಒಳಗೆ ಎರಡೇ. ಆ ಎರಡಕ್ಕೂ ಎದುರು ಕಟ್ಟಡದ ನೀರಿನ ಟ್ಯಾಂಕು ಅಡ್ಡ ನಿಂತಿತ್ತು.

"ಮೂರನೇದು ಎಲ್ಲಿ?" ಎಂದು ಕೇಳಿದಳು.

"ಯಾವ ಮೂರನೇದು ಮೇಡಂ? ಬಿಸಿಲಲ್ಲಿ ನಿಂತಿದ್ರಲ್ಲ, ಕಣ್ಣು ಮಂಜಾಗಿರುತ್ತೆ," ಎಂದ ಬ್ರೋಕರ್.

ಕಣ್ಣಳತೆ ತಪ್ಪಿದೆ ಎಂದು ದರ್ಜಿಗೆ ಹೇಳುವುದೂ ಒಂದೇ, ಅಡುಗೆಯವಳಿಗೆ ಉಪ್ಪಿಲ್ಲ ಎನ್ನುವುದೂ ಒಂದೇ. ಕೊರಳಲ್ಲಿದ್ದ ಟೇಪು ತೆಗೆದು ಹೊರಗಿನ ಮೊಗಸಾಲೆಯನ್ನು ಅಳೆದಳು, ಒಳಗಿನ ಕೋಣೆಯನ್ನು ಅಳೆದಳು. ನಾಲ್ಕಡಿ ಕಮ್ಮಿ. ಕೋಣೆಯ ತುದಿಯ ಗೋಡೆಗೆ ಹೋಗಿ ಬೆರಳ ಗೆಣ್ಣಿನಿಂದ ಟಕಟಕ ಬಡಿದಳು.

ಗೋಡೆ ಕೆಮ್ಮಿತು.

ಬ್ರೋಕರ್‌ನ ಮುಖ ಸುಣ್ಣ ಬಳಿದಂತಾಯಿತು. "ನೋಡಿ ಮೇಡಂ, ನಿಮ್ಮ ಹತ್ರ ಮುಚ್ಚಿಟ್ಟು ಏನಾಗ್ಬೇಕು? ಬಂದೋರೆಲ್ಲ ಇದನ್ನ ಕೇಳೇ ಓಡಿದ್ದು. ಎರಡು ವರ್ಷ ಆಯ್ತು."

"ಅಕ್ಕ, ನಡಿ ಹೋಗೋಣ," ಎಂದ ತಮ್ಮ. ಅವನಾಗಲೇ ಬಾಗಿಲ ಹೊರಗಿದ್ದ.

"ಸುಮ್ನಿರೋ. ದೆವ್ವಕ್ಕೆ ನೆಗಡಿ ಆಗುತ್ತಾ?" ಎನ್ನುತ್ತ ಅವಳು ಗೋಡೆಗೆ ಕಿವಿ ಹಚ್ಚಿದಳು. ಏನೋ ಸರಿದಾಡಿದ ಸದ್ದು, ಮರದ ಏಣಿಯ ಕಿರ್‌ಗುಟ್ಟುವಿಕೆ, ಆಮೇಲೆ ಮೌನ. ಸದ್ದು ಕೆಳಗಿಳಿದು ಹೋಗಿತ್ತು.

ತಲೆಯಲ್ಲಿ ಹುಳ ಬಿಟ್ಟಂತಾದ ಮೇಲೆ ಅವಳನ್ನು ಹಿಡಿಯುವವರಾರು? ಕೆಳಗಿನ ಮನೆಯ ಗಂಟೆ ಒತ್ತಿದಳು. ಬಾಗಿಲು ತೆರೆದರೆ ಒಳಗೆ ಸಂತೆ. ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು, ಲೆಕ್ಕಕ್ಕೆ ಸಿಗದ ಮೊಮ್ಮಕ್ಕಳು, ಯಾರೂ ನೋಡದೆ ಕೂಗಿಕೊಳ್ಳುತ್ತಿದ್ದ ಟೀವಿ. "ಮೇಲಿನ ಮನೆ ನೋಡೋಕೆ ಬಂದಿದ್ದೆ..." ಎಂದು ಅವಳು ಶುರು ಮಾಡುವಷ್ಟರಲ್ಲಿ ಉಗ್ರಾಣದ ಬಾಗಿಲು ತೆರೆದು ಮನೆಯ ಯಜಮಾನಿ ಅಜ್ಜಿ ಹೊರಬಂದರು. ಭುಜದ ಮೇಲೆ ಗೋಡೆಯ ಸುಣ್ಣ, ಮೂಗಿನ ತುದಿ ಕೆಂಪು.

"ಅತ್ತೆ ಮಧ್ಯಾಹ್ನ ಎಲ್ಲ ಡಬ್ಬ ಜೋಡಿಸ್ತಾ ಇರ್ತಾರೆ," ಎಂದಳು ಹಿರಿಸೊಸೆ. "ಒಳಗಿಂದ ಚಿಲಕ ಹಾಕ್ಕೊಂಡ್ರೆ ನಾಲ್ಕು ಗಂಟೆಗೇ ತೆಗೆಯೋದು."

ಅಜ್ಜಿ ದರ್ಜಿಯನ್ನು ನೋಡಿದರು. ದರ್ಜಿ ಆ ಸುಣ್ಣವನ್ನು ನೋಡಿದಳು. ಬಾಯಿಗೆ ಬಂದ ಮಾತನ್ನು ಹಾಗೇ ನುಂಗಿ, "ಅಜ್ಜಿ, ನಿಮ್ಮ ಉಗ್ರಾಣ ಸ್ವಲ್ಪ ನೋಡಬಹುದಾ? ಮೇಲೂ ಹಾಗೇ ಒಂದು ಮಾಡಿಸೋ ಆಸೆ," ಎಂದಳು.

ಅಜ್ಜಿ ಅವಳನ್ನು ಒಳಗೆ ಕರೆದುಕೊಂಡು ಚಿಲಕ ಹಾಕಿದರು. ಡಬ್ಬಗಳ ಸಾಲಿನ ಹಿಂದೆ ಒಂದು ಏಣಿ, ಏಣಿಯ ತುದಿಯಲ್ಲಿ ಒಬ್ಬರು ನುಸುಳುವಷ್ಟು ಕಿಂಡಿ. ಹತ್ತಿದರೆ ಕಾಣೆಯಾಗಿದ್ದ ನಾಲ್ಕಡಿ ಅಲ್ಲಿತ್ತು. ಒಂದು ಚಾಪೆ, ಒಂದು ದಿಂಬು, ಟ್ಯಾಂಕಿನ ಅಡ್ಡಿಯಿಲ್ಲದ ಅಗಲ ಕಿಟಕಿ.

"ಮೇಲಿದ್ದಾಕೆ ನನ್ನ ಗೆಳತಿ," ಎಂದರು ಅಜ್ಜಿ, ಪಿಸುದನಿಯಲ್ಲಿ. "'ನಿಂಗೊಂದು ಮೂಲೆ ಬೇಡ್ವಾ' ಅಂತ ಅವಳೇ ಗೋಡೆ ಕಟ್ಟಿಸಿ ಕೊಟ್ಟಳು. ಈಗ ಅವಳಿಲ್ಲ. ಮನೆ ಮಾರ್ತಿರೋ ಅವಳ ಮಗನಿಗೆ ಇದು ಗೊತ್ತೇ ಇಲ್ಲ. ಹೆದರಿಸಬೇಕು ಅಂತ ಕೆಮ್ಮಿದ್ದಲ್ಲ ತಾಯಿ, ಧೂಳು ತಡೆಯಲ್ಲ ನಂಗೆ."

"ಇಲ್ಲಿ ಏನು ಮಾಡ್ತೀರಿ ಅಜ್ಜಿ?"

"ಏನೂ ಮಾಡಲ್ಲ. ಅದಕ್ಕೇ ಬರೋದು."

ದರ್ಜಿ ಚೀಲದಿಂದ ಎರಡು ದಾರದ ಉಂಡೆ ತೆಗೆದು ಕಿಟಕಿಗೆ ಹಿಡಿದಳು. ನೀಲಿ ನೀಲಿಯಾಗಿಯೇ ಕಂಡಿತು, ಕಪ್ಪು ಕಪ್ಪಾಗಿಯೇ. ಅಂಥ ಬೆಳಕಿಗಾಗಿ ಅವಳು ಎಂಟು ಮನೆ ಸುತ್ತಿದ್ದಳು.

ಅವಳ ಮುಖ ಓದಿದವರಂತೆ ಅಜ್ಜಿ ಹೇಳಿದರು: "ಕಾಗದದ ಪ್ರಕಾರ ಇದು ಮೇಲಿನ ಮನೇದೇ. ನೀನು ತಗೊಂಡ್ರೆ ನಾನು ಅಡ್ಡ ಬರಲ್ಲ. ಮೂವತ್ತು ವರ್ಷ ಸಿಕ್ತಲ್ಲ, ಸಾಕು."

ಬೀದಿಗೆ ಬಂದು ಅವಳು ಎಲ್ಲ ಹೇಳಿದಾಗ ತಮ್ಮನದು ಒಂದೇ ಮಾತು: "ಗೋಡೆ ಒಡೆಸು. ನಿಂದು ನಿಂಗೆ."

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೂ ಮೂರು ದಿನ ಅವಳು ಅಳೆದೂ ಸುರಿದೂ ನೋಡಿದಳು. ತನಗೆ ಬೇಕಾದ್ದು ಬೆಳಕು, ಅಜ್ಜಿಗೆ ಬೇಕಾದ್ದು ಮರೆ. ಬೆಳಕು ಬರುವುದು ಮೇಲಿನಿಂದ, ಅಜ್ಜಿ ಕೂರುವುದು ನೆಲದ ಮೇಲೆ. ನಾಲ್ಕನೇ ದಿನ ಮುಂಗಡ ಕೊಟ್ಟಳು. ಮನೆ ತನ್ನ ಹೆಸರಿಗಾದ ಮೇಲೆ, ಗೋಡೆಯ ಭುಜದೆತ್ತರದಿಂದ ಮೇಲಿನ ಭಾಗ ಮಾತ್ರ ಕೆಡವಿಸಿ ಗಾಜು ಕೂರಿಸಿದಳು. ಕೆಳಗಿನ ಅರ್ಧ ಇದ್ದ ಹಾಗೇ ಇತ್ತು. "ಲೋಕದಲ್ಲಿ ಯಾರಾದ್ರೂ ಅರ್ಧ ಗೋಡೆ ಒಡೆಸ್ತಾರಾ?" ಎಂದು ಗೊಣಗುತ್ತಲೇ ತಮ್ಮ ಗಾಜಿನ ಸಂದುಗಳಿಗೆ ಪಟ್ಟಿ ಬಡಿದ.

ಕೆಳಗಿನ ಮನೆಯವರಿಗೆ ಇವತ್ತಿಗೂ ವಿಷಯ ಗೊತ್ತಿಲ್ಲ.

ಹೊಸ ಮನೆಯಲ್ಲಿ ಮೊದಲ ವಾರ ಅವಳು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಂತ್ರ ಮುಟ್ಟಲಿಲ್ಲ, ಕೈಹೊಲಿಗೆಯಲ್ಲೇ ಕಳೆದಳು. ಎಂಟನೇ ದಿನ ಕೆಲಸ ತಲೆಯ ಮೇಲೆ ಕೂತಿತ್ತು. ಅಳುಕುತ್ತಲೇ ತುಳಿಯತೊಡಗಿದಳು. ಒಂದು ತೋಳು ಮುಗಿಸಿ ದಾರ ಕತ್ತರಿಸಲು ಯಂತ್ರ ನಿಲ್ಲಿಸಿದ್ದಳಷ್ಟೇ, ಗೋಡೆಯ ಆಚೆಯಿಂದ ಟಕಟಕ ಸದ್ದಾಯಿತು. ಥಟ್ಟನೆ ಕಾಲು ತೆಗೆದಳು.

"ತಪ್ಪಾಯ್ತು ಅಜ್ಜಿ, ನಿಲ್ಲಿಸಿದೆ."

"ಅಯ್ಯೋ, ನಿಲ್ಲಿಸಿದ್ದಕ್ಕೇ ಬಡಿಯೋ ಹಾಗಾಯ್ತು ಕಣೇ," ಎಂದಿತು ನಿದ್ದೆ ತುಂಬಿದ ದನಿ. "ಈಗಷ್ಟೇ ಜೋಂಪು ಹತ್ತಿತ್ತು. ತುಳಿ, ತುಳಿ."

ಹಾಗಾದರೆ ದಿನವೂ ತುಳಿಯಲಾ ಎಂದು ಕೇಳಲು ದರ್ಜಿ ಬಾಯಿ ತೆರೆದಳು. ಗೊರಕೆ ಆಗಲೇ ಶುರುವಾಗಿತ್ತು. ನಕ್ಕು, ಎರಡನೇ ತೋಳನ್ನು ಸೂಜಿಯಡಿ ಇಟ್ಟಳು.